ಜೋಡಮ್ಮನ ಎಡಗಡೆ

ಕುಪ್ಪಮ್ಮ ತೀರಿಕೊಂಡ ಮೇಲೆ ಕರ್ಮದ ದಿನಗಳು ಮುಗಿಯುವವರೆಗೂ ನಮ್ಮ ಮನೆಯ ಮಗ್ಗ ಸುಮ್ಮನಿತ್ತು. ಆಮೇಲೆ ಒಂದು ಮಧ್ಯಾಹ್ನ, ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾಗಿದ್ದ ನನಗೆ ಒಳಗಿನಿಂದ ಅದರ ಸದ್ದು ಕೇಳಿಸಿತು. ದೊಡ್ಡ ಲಾಳಿ ಬಲದಿಂದ ಎಡಕ್ಕೆ ಓಡಿತು, ಅದರ ಬೆನ್ನಿಗೇ ಅಂಚಿನ ಚಿಕ್ಕ ಲಾಳಿ, ಕೊನೆಗೆ ಎಳೆ ಬಿಗಿಮಾಡುವ ಹಣಿಗೆಯ ಬಡಿತ. ಎಷ್ಟೋ ವರ್ಷ ಆ ಸದ್ದು ಕೇಳುತ್ತಲೇ ನಿದ್ದೆ ಹೋದವಳು ನಾನು. ಅಂದೂ ಕಣ್ಣು ಎಳೆಯುತ್ತಿತ್ತು. ಥಟ್ಟನೆ ನೆನಪಾಯಿತು, ಅದು ಇಬ್ಬರು ಕೂತು ನೇಯುವಾಗ ಬರುವ ಸದ್ದು. ಈಗ ಮನೆಯಲ್ಲಿ ನೇಯುವವಳು ಒಬ್ಬಳೇ.

ಎದ್ದು ಹೋಗಿ ಇಣುಕಿದೆ. ಶಿವಗಾಮಿ ಒಬ್ಬಳೇ ಕೂತಿದ್ದಳು. ಮಗ್ಗದ ಗುಳಿಯ ಮೇಲೆ ಹಾಸಿದ ಹಲಗೆಯ ಎಡ ಅರ್ಧದಲ್ಲಿ ಅವಳು. ಬಲ ಅರ್ಧ ಖಾಲಿ. ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯನ್ನು ಸಹ ಅಲ್ಲಿ ಇಟ್ಟಿರಲಿಲ್ಲ, ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಕೊಯಮತ್ತೂರಿನ ಹತ್ತಿರದ ನಮ್ಮ ಸಿರುಮುಗೈಯ ರೇಷ್ಮೆ ಸೀರೆಗೆ ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಬಲಗಡೆ ಕೂತವಳು ಒಡಲಿನ ಲಾಳಿ ಎಸೆಯುತ್ತಾಳೆ. ಎಡಗಡೆಯವಳು ಅದನ್ನು ಹಿಡಿದು, ಅಂಚಿನ ಲಾಳಿ ಸೇರಿಸಿ ವಾಪಸು ಕಳಿಸುತ್ತಾಳೆ. ಒಬ್ಬಳೇ ನೇಯಬಾರದು ಅಂತೇನಿಲ್ಲ. ಆದರೆ ಪ್ರತಿ ಸಲವೂ ಆ ತುದಿಗೆ ಬಾಗಬೇಕು, ಈ ತುದಿಗೆ ಬಾಗಬೇಕು. ಸದ್ದಿನ ನಡುವೆ ಅಷ್ಟು ಹೊತ್ತು ಬಿಡುವು ಬಿದ್ದೇ ಬೀಳುತ್ತದೆ. ಅಂದು ಮಧ್ಯಾಹ್ನ ನನಗೆ ಆ ಬಿಡುವು ಕೇಳಿಸಲಿಲ್ಲ. ನಾನು ಬಾಗಿಲಲ್ಲಿ ನಿಂತದ್ದು ಕಂಡು ಶಿವಗಾಮಿ ಕೈ ನಿಲ್ಲಿಸಿದಳು.

"ಸದ್ದಿಗೆ ಎಚ್ಚರ ಆಯ್ತಾ ಅತ್ತೆ? ಕಾಫಿ ಇಡ್ಲಾ?" ಅಂದಳು.

ಇದು ಎಂಬತ್ತಮೂರನೇ ಇಸವಿಯ ಮಾತು. ಮನೆ ನನ್ನ ಅಣ್ಣನದು. ಅವನು ಹೋದ ಮೇಲೆ ಅವನ ದೊಡ್ಡ ಮಗ ಮಯಿಲ್‌ಸಾಮಿ ನೋಡಿಕೊಳ್ಳುತ್ತಿದ್ದ. ಕುಪ್ಪಮ್ಮ ಮಯಿಲ್‌ಸಾಮಿಯ ಹೆಂಡತಿ, ಶಿವಗಾಮಿ ಅವನ ತಮ್ಮನ ಹೆಂಡತಿ. ಆ ತಮ್ಮ ಮದುವೆಯಾದ ಮಾರನೇ ವರ್ಷವೇ ಭವಾನಿ ಹೊಳೆಗೆ ಹೊಸನೀರು ಬಂದಾಗ ಕೊಚ್ಚಿಹೋದ. ಮಕ್ಕಳಿರಲಿಲ್ಲ. ಹುಡುಗಿಯನ್ನು ಅನ್ನೂರಿನ ತವರಿಗೆ ಕಳಿಸಿಬಿಡೋಣ ಎಂದು ಹಿರಿಯರು ನಡುಮನೆಯಲ್ಲಿ ಕೂತು ಮಾತಾಡುತ್ತಿದ್ದರು. ಕುಪ್ಪಮ್ಮ ಆ ಮಾತಿಗೆ ಬಾಯಿ ಹಾಕಲಿಲ್ಲ. ಹಲಗೆಯ ಎಡ ಅರ್ಧವನ್ನು ಸೆರಗಿನಿಂದ ಒರೆಸಿ, ಒಳಗಿನಿಂದಲೇ ಕೂಗಿದಳು: "ಶಿವಗಾಮೀ, ಎಲ್ಲಿ ಹೋದೆ? ಬಂದು ಕೂತ್ಕೋ. ಅಂಚು ನಿಂತೋಗಿದೆ." ಅವಳು ಹೋಗಿ ಕೂತಳು. ಹಿರಿಯರ ಮಾತು ಅಲ್ಲಿಗೇ ಮುಗಿಯಿತು. ಅಲ್ಲಿಂದ ಮುಂದೆ ಆ ಇಬ್ಬರು ವಾರಗಿತ್ತಿಯರೂ ಒಂದೇ ಹಲಗೆಯ ಮೇಲೆ ಕೂತು ನೇಯ್ದರು, ಜಗಳವನ್ನೂ ಅಲ್ಲಿಯೇ ಆಡಿದರು.

ಈಗ ಮಗ್ಗದ ಮೇಲಿದ್ದದ್ದು ಕುಪ್ಪಮ್ಮನ ಒಬ್ಬಳೇ ಮಗಳು ವಿಜಯಕುಮಾರಿಯ ಮುಹೂರ್ತದ ಸೀರೆ. ವಿಜಯಕುಮಾರಿ ತಿರುಪ್ಪೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಬನಿಯನ್ ಕಂಪನಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಸಂಕ್ರಾಂತಿಯ ತೈ ತಿಂಗಳಲ್ಲಿ ಮದುವೆ. ಅರಗು ಕೆಂಪಿನ ಒಡಲು, ಗಿಳಿ ಹಸಿರು ಅಂಚು ಎಂದು ಆರಿಸಿ ಹಾಸು ಏರಿಸಿದವಳು ಕುಪ್ಪಮ್ಮನೇ. ದೀಪಾವಳಿಯ ಐಪ್ಪಸಿ ತಿಂಗಳಲ್ಲಿ ಕಾಮಾಲೆ ಹಿಡಿದು ಹೋಗಿಬಿಟ್ಟಳು. ಸೆರಗು ಉಳಿದಿತ್ತು. ಸೆರಗಾದ ಮೇಲೆ ಜೋಡಮ್ಮ ಉಳಿದಿದ್ದಳು.

ಜೋಡಮ್ಮ ಯಾರು ಎಂದು ಹೇಳಬೇಕು. ನಮ್ಮ ದೇವರ ಗೂಡಿನಲ್ಲಿ ಕುಲದೇವತೆ ಸೌಡೇಶ್ವರಿಯ ಪಟದ ಪಕ್ಕ ಅಂಗೈ ಅಗಲದ ಒಂದು ಕಾಗದ ಅಂಟಿಸಿದೆ. ಎಣ್ಣೆ, ಕುಂಕುಮ, ಹೊಗೆ ಕುಡಿದು ತೊಗಲಿನ ಹಾಗಾಗಿದೆ. ಅದರಲ್ಲಿ ಕೆಂಪು ಶಾಯಿಯಲ್ಲಿ ಎರಡು ಗೊಂಬೆ, ಒಂದರ ಪಕ್ಕ ಒಂದು. ಎರಡೂ ಒಂದೇ ಥರ. ಮೇಲೆ ತುರುಬು, ಅದರ ಕೆಳಗೆ ಮೈ, ಅದರ ಕೆಳಗೆ ಇಳಿಬಿಟ್ಟ ಕಾಲುಗಳು. ಮಗ್ಗದ ಗುಳಿಗೆ ಕಾಲು ಇಳಿಬಿಟ್ಟು ಅಕ್ಕಪಕ್ಕ ಕೂತ ಇಬ್ಬರು ಹೆಂಗಸರು ಎಂದು ಯಾರಿಗಾದರೂ ಅನ್ನಿಸುತ್ತದೆ. ಯುದ್ಧಕ್ಕೆ ಮುಂಚೆ ನನ್ನ ಅಪ್ಪ ಜಪಾನಿನ ರೇಷ್ಮೆ ತರಿಸುತ್ತಿದ್ದರು. ನೂಲಿನ ಒಂದು ಕಟ್ಟಿನಲ್ಲಿ ಈ ಕಾಗದ ಬಂತು. ನೋಡಿದ ಕೂಡಲೇ ನನ್ನ ಅಮ್ಮ ಕೈ ಮುಗಿದಳಂತೆ. ಅಂದಿನಿಂದ ಅದು ಜೋಡಮ್ಮ, ಇಬ್ಬರು ಕೂರುವ ಮಗ್ಗವನ್ನು ಕಾಯುವವಳು.

ನಮ್ಮ ಮನೆಯ ಪ್ರತಿ ಸೀರೆಯಲ್ಲೂ ಸೆರಗಿನ ಒಳಮೂಲೆಯಲ್ಲಿ ಬೆರಳ ತುದಿಯಷ್ಟು ಜೋಡಮ್ಮ ಇರುತ್ತಾಳೆ. ಬಲಗಡೆಯ ಗೊಂಬೆಯನ್ನು ಬಲಗಡೆ ಕೂತವಳೂ ಎಡಗಡೆಯದನ್ನು ಎಡಗಡೆ ಕೂತವಳೂ ಹಾಕಬೇಕು. ಒಂದೊಂದೇ ಸಾಲಿಗೆ ಬಿಡಿ ಎಳೆಯನ್ನು ಬೆರಳಿನಿಂದ ತೂರಿಸುತ್ತಾ, ಇಬ್ಬರೂ ಒಟ್ಟಿಗೆ. ಜೋಡಮ್ಮ ಕೂರದೆ ಸೀರೆಯನ್ನು ಮಗ್ಗದಿಂದ ಕತ್ತರಿಸುವ ಹಾಗಿಲ್ಲ. "ನಿಮ್ಮ ಸೀರೇಲಿ ಎರಡು ಕಪ್ಪೆ ಯಾಕೆ ಕೂತವೆ?" ಎಂದು ಪಕ್ಕದ ಬೀದಿಯ ನೇಕಾರರು ರೇಗಿಸುತ್ತಿದ್ದರು. ಒಮ್ಮೆ ಗಂಡಿನ ಕಡೆಯವರು ಯಾರೋ, ಮದುವೆ ಸೀರೆಯಲ್ಲಿ ಗಂಡ ಇಲ್ಲದವಳ ಕೈಯ ಗೊಂಬೆ ಬೇಡ ಎಂದರು. ಕುಪ್ಪಮ್ಮ ಲಾಳಿ ನಿಲ್ಲಿಸದೆಯೇ, "ಆಮಾ, ಹೌದು, ಬೇಡ ಅಂದ್ರೆ ಬೇಡ. ಅವಳು ಹಾಕಿದ ಅಂಚನ್ನೂ ಹರಿದು ಕೊಡ್ತೀನಿ, ಬರೀ ಒಡಲು ಸುತ್ಕೊಂಡು ಹೋಗಿ," ಅಂದಳು. ಅವರು ಸೀರೆ ತೆಗೆದುಕೊಂಡು ಹೋದರು.

ಅದು ದೇವರಲ್ಲ ಎಂಬುದು ನನಗೆ ಗೊತ್ತಾದದ್ದು ಜಪಾನಿನ ಕೋಬೆಯಲ್ಲಿ. ಕೊಯಮತ್ತೂರಿನಲ್ಲಿ ಬಿ.ಎ. ಮುಗಿಸಿ ಮದುವೆಯಾದ ಮೇಲೆ, ನನ್ನವರ ನೂಲಿನ ಕಂಪನಿ ಅವರನ್ನು ಜಪಾನಿಗೆ ಕಳಿಸಿತು. ಕೆಲವು ವರ್ಷ ಅಲ್ಲಿದ್ದೆವು. ಪಕ್ಕದ ಮನೆಯಲ್ಲಿ ಫುಮಿ ಎಂಬ ವಯಸ್ಸಾದ ಹೆಂಗಸು. ನಾನು ಅಂಗಡಿಯಲ್ಲಿ ಉಪ್ಪು ಯಾವುದು, ಸಕ್ಕರೆ ಯಾವುದು ತಿಳಿಯದೆ ಒದ್ದಾಡುವುದನ್ನು ಕಂಡು, ಡಬ್ಬಿಗಳ ಮೇಲೆ ಅಂಟಿಸಿಕೊಳ್ಳಲು ಚೀಟಿ ಬರೆದುಕೊಟ್ಟವರು ಅವರು. ಹಾಗೆಯೇ ಅಕ್ಷರ ಕಲಿಸಿದರು. ಒಂದು ದಿನ ಅವರ ಮನೆಯ ಪೂಜೆಯ ಗೂಡಿನಲ್ಲಿ, ಮರದ ಫಲಕದ ಮೇಲೆ, ನಮ್ಮ ಜೋಡಮ್ಮ ಕೂತಿದ್ದಳು. 絲. ನನ್ನ ಕೈ ತಾನಾಗಿಯೇ ಮುಗಿಯಿತು.

ಅದು ಇತೊ ಎಂಬ ಅವರ ಮಗಳ ಹೆಸರು. ಇತೊ ಎಂದರೆ ನೂಲು. ಯುದ್ಧದ ಕೊನೆಯ ವರ್ಷ ಕೋಬೆಯ ಮೇಲೆ ಬಾಂಬು ಬಿದ್ದಾಗ ಹೋದಳು. ಆ ಅಕ್ಷರ ಹುಟ್ಟಿದ ಬಗೆಯನ್ನು ಫುಮಿ ಬರೆದು ತೋರಿಸಿದರು. ತಿರುಚಿ ಗಂಟು ಹಾಕಿ ತೂಗುಹಾಕಿದ ರೇಷ್ಮೆಯ ಲಡಿ ಒಂದು, ಅದರ ಪಕ್ಕ ಇನ್ನೊಂದು. ಎರಡು ಲಡಿ ಸೇರಿದರೆ ನೂಲು. ಒಂದೇ ಲಡಿಯ ಅಕ್ಷರವೂ ಹಿಂದಿನಿಂದ ಇತ್ತು. ಅದು ಬೇರೆಯೇ ಮಾತು, ಬಲು ಸಣ್ಣ ಎಳೆ ಎಂದು ಅರ್ಥ. ಅವಸರದಲ್ಲಿ ಬರೆಯುವವರು ಎರಡರ ಬದಲು ಅದೊಂದನ್ನೇ ಬರೆದು ಸಾಗಹಾಕುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಸರ್ಕಾರ ಎಷ್ಟೋ ಅಕ್ಷರಗಳನ್ನು ಹಗುರ ಮಾಡಿತು. ಆಗ ಇದೂ ಒಂಟಿಯಾಯಿತು. 糸. ಶಾಲೆಯ ಪುಸ್ತಕದಲ್ಲಿ, ಪತ್ರಿಕೆಯಲ್ಲಿ, ಅಂಗಡಿ ಬೋರ್ಡಿನಲ್ಲಿ ಈಗ ಹೀಗೆಯೇ ಎಂದರು.

"ಮಗಳ ಹೆಸರನ್ನೂ ಹಾಗೆ ಬರೆಯುತ್ತೀರಾ?" ಎಂದು ಕೇಳಿಬಿಟ್ಟೆ.

ಫುಮಿ ಕುಂಚ ತೊಳೆದಿಟ್ಟರು. "ಒಂಟಿ ಬಿಟ್ಟರೆ ಅವಳಿಗೆ ಚಳಿಯಾಗುತ್ತೆ," ಅಂದರು.

ಊರಿಗೆ ಮರಳಿದಾಗ ಅಮ್ಮ ಆ ಕಾಗದಕ್ಕೆ ದೀಪ ಹಚ್ಚುತ್ತಿದ್ದಳು. ನೂಲಿನ ಕಟ್ಟಿನ ಚೀಟಿ ಅದು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಹೇಳಿ ಯಾರಿಗೆ ಏನಾಗಬೇಕಿತ್ತು?

ತೈ ತಿಂಗಳಿಗೆ ಮುಂಚಿನ ಮಾರ್ಗಳಿ ಬಂತು. ಬೆಳಗಿನ ಹೊತ್ತು ಹೊಳೆಯ ಮಂಜು ಬೀದಿಯವರೆಗೂ ಬರುತ್ತಿತ್ತು. ಸೆರಗಿನ ಕೆಲಸ ಜಾಸ್ತಿ, ಒಬ್ಬಳಿಂದ ಆಗದು ಎಂದು ಮಯಿಲ್‌ಸಾಮಿ ಎದುರುಮನೆಯ ಮಾರಿಯಮ್ಮನನ್ನು ಬಲಗಡೆ ಕೂರಲು ಕರೆದ. ಮಾರಿಯಮ್ಮ ಕೈ ಚುರುಕಿನವಳು, ಬಾಯಿ ಅದಕ್ಕಿಂತ ಚುರುಕು. ಕೂತವಳು ಸ್ವಲ್ಪ ಹೊತ್ತಿಗೇ ಎಳೆ ಕಡಿಯಿತು ಎಂದಳು. ಕಟ್ಟಿದಳು. ಮತ್ತೆ ಕಡಿಯಿತು. ಅವಳ ಬದಿಯಲ್ಲಿ ಮಾತ್ರ. ಆಮೇಲೆ ಲಾಳಿ ಕೆಳಗಿಟ್ಟು, ಮಾತಿಲ್ಲದೆ ಎದ್ದು ಜಗಲಿಗೆ ಬಂದಳು. ಅವಳು ಮಾತಿಲ್ಲದೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನಾಯ್ತೇ?" ಎಂದೆ.

"ನನ್ ಕೈಲಿ ಆಗಲ್ಲ ಅಮ್ಮಾ. ಹಲಗೆ ಬೆಚ್ಚಗಿದೆ."

"ಕೂತ್ರೆ ಬೆಚ್ಚಗಾಗಲ್ವಾ?"

"ನಾ ಕೂರೋಕೆ ಮುಂಚೆ." ಅವಳು ಸೀರೆಯ ಹಿಂಭಾಗವನ್ನು ಕೈಯಿಂದ ಒರೆಸಿಕೊಂಡಳು. "ಯಾರೋ ಈಗ್ತಾನೆ ನಂಗೋಸ್ಕರ ಎದ್ದು ಜಾಗ ಬಿಟ್ಟಂಗೆ."

ಅವಳು ಮತ್ತೆ ಬರಲಿಲ್ಲ. ಆದರೆ ಮನೆಗೆ ಹೋದವಳು ಶಿವಗಾಮಿಗೆಂದು ಒಂದು ಬಟ್ಟಲು ಹುರುಳಿಯ ಕೊಳ್ಳು ರಸ ಕಳಿಸಿದ್ದಳು, ಮೈಗೆ ಕಾವು ಬರಲಿ ಎಂದು.

ಶಿವಗಾಮಿ ತೆಳ್ಳಗಾಗುತ್ತಾ ಬಂದಳು. ತಟ್ಟೆಯಲ್ಲಿ ಅರ್ಧ ಉಣ್ಣುವಳು, ಉಳಿದ ಅರ್ಧವನ್ನು ಬಲಕ್ಕೆ ತಿರುಗಿಸಿ ಇಟ್ಟು ಕೈ ತೊಳೆಯುವಳು. ಸೆರಗು ಮಾತ್ರ ಬೆಳೆಯಿತು. ಪ್ರತಿ ಮಧ್ಯಾಹ್ನ ನಾನು ಜಗಲಿಯಲ್ಲಿ ಮಲಗಿ ಆ ಬಿಡುವಿಲ್ಲದ ಸದ್ದು ಕೇಳುತ್ತಿದ್ದೆ. ಹೆದರಿಕೆ ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ಸದ್ದು ನಿಂತಿತು. ಹೋಗಿ ನೋಡಿದರೆ ಸೆರಗು ಪೂರ್ತಿ ಮುಗಿದಿದೆ, ಅವಳು ಕೈ ಕಟ್ಟಿ ಕೂತಿದ್ದಾಳೆ.

ಅವಳ ಎದುರಿಗೆ ಗೋಡೆಗೆ ಒರಗಿ ಕೂತೆ. "ಇನ್ನು ಜೋಡಮ್ಮ ಒಂದೇ ಬಾಕಿ," ಎಂದೆ.

"ಆಮಾ ಅತ್ತೆ."

"ಏನ್ ಯೋಚನೆ?"

ಅವಳು ದನಿ ತಗ್ಗಿಸಿದಳು, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ. "ಅಕ್ಕ ಕೂತಿದಾಳೆ ಅತ್ತೆ. ಲಾಳಿ ಕಳಿಸ್ತೀನಿ, ಅವಳು ವಾಪಸ್ ಕಳಿಸ್ತಾಳೆ. ಆದ್ರೆ ಅವಳ ಬೆರಳಲ್ಲಿ ಎಳೆ ನಿಲ್ತಿಲ್ಲ. ಜೋಡಮ್ಮನ್ನ ಹಾಕಕ್ಕಾಗಲ್ಲ ಅವಳ್ಗೆ. ಎಷ್ಟು ಸಲ ಹಾಕಿ ನೋಡಿದ್ಲು ಪಾಪ."

"ನಿಂಗೆ ಹೆದರಿಕೆ ಆಗಲ್ವಾ?"

"ಅಕ್ಕನ್ ಕಂಡ್ರಾ?" ಅವಳಿಗೆ ಆಶ್ಚರ್ಯವಾಯಿತು. "ಸೀರೆ ಕಂಡ್ರೆ ಹೆದರಿಕೆ. ಬಲಗಡೇದು ಹಾಕೋರಿಲ್ಲ. ಎಡಗಡೇದು ಒಂದೇ ಹಾಕಿದ್ರೆ ಆ ಮಗು ಮುಹೂರ್ತದ ಸೀರೇಲಿ ನಾನೊಬ್ಳೇ ಕೂತಂಗಾಗಲ್ವಾ, ಗಂಡನ್ನ ಹೊಳೇಗ್ ಕೊಟ್ಟೋಳು? ಹಾಕದೇ ಹೋದ್ರೆ ಸೀರೆ ಇಳಿಸಂಗಿಲ್ಲ. ಮದುವೆ ಹತ್ರ ಬಂತು."

ಆಗ ನಾನು ಹೇಳಿದೆ. ಜೋಡಮ್ಮ ಜಪಾನಿನ ಅಕ್ಷರ, ನೂಲು ಎಂದು ಅರ್ಥ, ಅಪ್ಪನ ರೇಷ್ಮೆ ಕಟ್ಟಿನ ಮೇಲಿದ್ದ ಚೀಟಿ ಎಂದು. ಅವಳಿಗೆ ದುಃಖವಾದೀತು ಎಂದು ಅಂಜಿದ್ದೆ.

"ನೂಲಾ?" ಶಿವಗಾಮಿ ಸ್ವಲ್ಪ ನಕ್ಕಳು. "ಹಂಗಾದ್ರೆ ನಾವು ಕೈ ಮುಗಿದಿದ್ದು ಸರಿಯಾಗೇ ಇದೆ. ನಮ್ಗೆ ಅನ್ನ ಹಾಕೋದು ಇನ್ಯಾವ ದೇವ್ರು?"

"ಇನ್ನೂ ಕೇಳು. ಆ ದೇಶದಲ್ಲಿ ಈಗ ಎರಡು ಹಾಕಲ್ಲ. ಒಂದನ್ನೇ ಬರೀತಾರೆ. ಅರ್ಥ ಅದೇ, ಓದೋದೂ ಹಾಗೇ. ನೀನೂ ಒಂದೇ ಹಾಕಿ ಇಳಿಸಿಬಿಡು. ತಪ್ಪೇನಿಲ್ಲ."

ಅವಳು ಗೂಡಿನ ಕಡೆ ನೋಡಿದಳು. "ಇನ್ನೊಬ್ಳನ್ನ ಏನ್ ಮಾಡಿದ್ರು?"

"ಬಿಟ್ಟರು."

"ಯಾರನ್ನ? ಬಲಗಡೆಯೋಳನ್ನಾ, ಎಡಗಡೆಯೋಳನ್ನಾ?"

"ಎರಡೂ ಒಂದೇ ಥರ ಇದ್ದಾವಲ್ಲ ಶಿವಗಾಮಿ. ಯಾರನ್ನ ಬಿಟ್ಟರು ಅಂತ ಹೇಗೆ ಗೊತ್ತಾಗುತ್ತೆ?"

"ಯಾರನ್ನ ಬಿಟ್ರೋ ಅವಳಿಗೆ ಗೊತ್ತಿರ್ತದೆ," ಅಂದಳು. ಆಮೇಲೆ ಎದ್ದು, ನಾನು ತಣ್ಣನೆ ನೆಲದ ಮೇಲೆ ಕೂತಿದ್ದೇನೆಂದು ಗೋಣಿ ತಂದು ಹಾಸಿದಳು. ನನ್ನ ಮಾತು ಅವಳಿಗೆ ಸಮಾಧಾನ ತಂದಿತು ಎಂದುಕೊಂಡೆ.

ಮಾರನೇ ಮಧ್ಯಾಹ್ನ ಬೇರೆ ಸದ್ದು ಕೇಳಿಸಿತು. ಲಾಳಿ ಓಡಿತು. ಬಿಡುವು. ಆಮೇಲೆ ಹಣಿಗೆ. ಮತ್ತೆ ಲಾಳಿ, ಮತ್ತೆ ಬಿಡುವು. ಒಬ್ಬಳೇ ಬಾಗಿ ಬಾಗಿ ನೇಯುವ ಸದ್ದು. ಅಬ್ಬಾ ಎಂದುಕೊಂಡು ಒಳಗೆ ಹೋದೆ. ಬಾಗಿಲಲ್ಲೇ ಕಾಲು ನಿಂತಿತು. ಶಿವಗಾಮಿ ಬಲಗಡೆ ಕೂತಿದ್ದಳು, ಕುಪ್ಪಮ್ಮನ ಜಾಗದಲ್ಲಿ. ಸೆರಗಿನ ಮೂಲೆಯಲ್ಲಿ ಹಸಿರು ಎಳೆಯ ಬಲಗಡೆಯ ಗೊಂಬೆ ಕಾಲು, ಮೈ, ತುರುಬು ಸಮೇತ ಮುಗಿದಿತ್ತು. ಅದರ ಎಡಕ್ಕೆ ಬರೀ ಕೆಂಪು.

"ಇದೇನು, ಬದಿ ತಪ್ಪಿ ಕೂತಿದೀಯ?"

"ಇಲ್ಲ ಅತ್ತೆ. ಒಂದು ಸಾಕು ಅಂದ್ರಲ್ಲ ನೀವು. ಮುತ್ತೈದೆ ಅಕ್ಕನೇ ಇರ್ಲಿ." ಅವಳು ಇನ್ನೆರಡು ಲಾಳಿ ಎಸೆದು ಸಾಲು ಬಿಗಿ ಮಾಡಿದಳು. "ಮದುವೆ ಮುಗಿದ್ಮೇಲೆ ಅನ್ನೂರಿಗೆ ಹೋಗ್ತೀನಿ. ಇಷ್ಟು ವರ್ಷ ಅಕ್ಕ ಇಟ್ಕೊಂಡಿದ್ಲು. ಇನ್ ಸಾಕು."

ಮೂಲೆಯಲ್ಲಿ ಅವಳ ಬಟ್ಟೆಯ ಗಂಟು ಆಗಲೇ ಕಟ್ಟಿಟ್ಟಿತ್ತು. ನಾನು ಹೇಳಿದ್ದು ಅವಳಿಗೆ ದಾರಿ ತೋರಿಸಿತ್ತು, ನಾನು ಎಣಿಸಿರದ ಕಡೆಗೆ. ಕೇಳಿದೆ: "ಕುಪ್ಪಮ್ಮ ಎಲ್ಲಿ?"

ಶಿವಗಾಮಿ ಗಲ್ಲದಿಂದ ಎಡಕ್ಕೆ ತೋರಿಸಿದಳು. "ನನ್ ಜಾಗದಲ್ಲಿ ಕೂತ್ಬಿಟ್ಟಿದಾಳೆ. ಬೆಳಗ್ಗೆಯಿಂದ ಕರೀತಿದೀನಿ, ಏಳಲ್ಲ. ಲಾಳೀನೂ ಕಳಿಸಲ್ಲ. ಕೋಪ."

ಎಡಗಡೆಯ ಹಲಗೆ ಖಾಲಿಯಾಗಿತ್ತು. ಗಾಳಿ ಇರಲಿಲ್ಲ. ಆ ಬದಿಯ ಹಸಿರು ಎಳೆಗಳು ಮಾತ್ರ, ಯಾರೋ ಅವುಗಳ ಮೇಲೆ ಕೈಯಿಟ್ಟು ಕೂತಿದ್ದ ಹಾಗೆ, ಒಂದಿಷ್ಟು ತಗ್ಗಿದ್ದವು.

ಎರಡು ದಿನ ಕಳೆದು ವಿಜಯಕುಮಾರಿ ತಿರುಪ್ಪೂರಿನಿಂದ ಬಂದಳು. ಮದುವಣಗಿತ್ತಿಯ ಎದುರಿನಲ್ಲೇ ಸೀರೆ ಇಳಿಸುವುದು ವಾಡಿಕೆ. ಬಸ್ಸಿನ ಧೂಳು ಮುಖದಲ್ಲಿರುವಾಗಲೇ ಮಗ್ಗದ ಮುಂದೆ ಬಗ್ಗಿ ಸೆರಗನ್ನು ಸವರಿದಳು. ತಾಯಿ ಆರಿಸಿದ ಬಣ್ಣ ನೋಡಿ ಕಣ್ಣು ತುಂಬಿತು. ಆಮೇಲೆ ಮೂಲೆಗೆ ಬಂದಳು.

"ಚಿಕ್ಕಮ್ಮಾ, ಇದ್ರಲ್ಲಿ ನೀ ಎಲ್ಲಿ?"

"ಈಗ ಒಂದೇ ಹಾಕೋದಂತೆ, ನನ್ ಕಣ್ಣು. ಜಪಾನಲ್ಲಿ ಹಂಗೇ ಅಂತೆ. ಅತ್ತೇನ ಕೇಳು."

ವಿಜಯಕುಮಾರಿ ನನ್ನತ್ತ ತಿರುಗಿದಳು. ನಾನು ತಲೆ ತಗ್ಗಿಸಿದೆ. ಅವಳು ಮೂಲೆಯ ಗಂಟನ್ನು ನೋಡಿದಳು, ಶಿವಗಾಮಿಯ ಬಡಕಲಾದ ಮಣಿಕಟ್ಟನ್ನು ನೋಡಿದಳು.

"ಜಪಾನಲ್ಲಿ ಏನಾದ್ರೂ ಮಾಡ್ಕೊಳ್ಲಿ. ನಮ್ ಕಂಪನೀಲಿ ಒಂದು ತೋಳಿಲ್ದೆ ಬನಿಯನ್ ಹೊಲಿದು ಕಳಿಸಿದ್ರೆ ಸೂಪರ್‌ವೈಸರ್ ಮೂತಿಗೆ ಎಸೀತಾನೆ." ದಾವಣಿಯ ಅಂಚಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಹಸಿರು ಕಂಡಿಕೆಯಿಂದ ಎಳೆ ಕಡಿದು ಪೋಣಿಸಿದಳು.

"ಬೇಡ ಕಣ್ಣು. ಮುಹೂರ್ತದ ಸೀರೆ. ನಾಳೆ ಏನಾದ್ರೂ ಆದ್ರೆ ನನ್ನ..."

"ಉಡೋಳು ನಾನು."

ಹಲಗೆಯ ಎಡ ತುದಿಗೆ ಹೋಗಿ ಕೂರಲು ಬಗ್ಗಿದಳು. "ಅಲ್ಲಿ ಕೂರ್ಬೇಡ!" ಎಂದು ಶಿವಗಾಮಿ ಚೀರಿದಳು. ಹುಡುಗಿ ಬಗ್ಗಿದವಳು ಹಾಗೆಯೇ ನಿಂತಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಚಿಕ್ಕಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಖಾಲಿ ಹಲಗೆಯನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಮಯಿಲ್‌ಸಾಮಿ ತುಟಿ ಕಚ್ಚಿ ಸೂರಿನತ್ತ ಮುಖ ಎತ್ತಿದ.

"ಅಮ್ಮಾ," ಎಂದಳು ವಿಜಯಕುಮಾರಿ, ಮೆಲ್ಲಗೆ, ಇಕ್ಕಟ್ಟಿನ ಬಸ್ಸಿನಲ್ಲಿ ಕೇಳುವ ಹಾಗೆ. "ಸ್ವಲ್ಪ ಜರುಗ್ಕೋ."

ಕ್ಷಣ ಹೊತ್ತು ಕಾದು, ಹಲಗೆಯ ನಡುವೆ ಕೂತಳು. ಬಲಕ್ಕೆ ಶಿವಗಾಮಿ. ಎಡಕ್ಕೆ ಒಂದು ಮೊಳ ಜಾಗ ಹಾಗೇ ಬಿಟ್ಟಳು. ಹಲಗೆ ಕಿರುಗುಟ್ಟಿತು.

ನೇಯ್ದು ಮುಗಿದ ಬಟ್ಟೆಯಲ್ಲಿ ಇನ್ನು ಬೆರಳಿನಿಂದ ಎಳೆ ಕೂರಿಸಲು ಬರುವುದಿಲ್ಲ. ಅವಳು ಸೂಜಿಯಿಂದಲೇ ಹಾಕಿದಳು, ಬಲಗಡೆಯ ಗೊಂಬೆಯನ್ನು ನೋಡಿಕೊಂಡು. ರೇಷ್ಮೆಯಲ್ಲಿ ಅವಳಿಗೆ ಅಭ್ಯಾಸವಿಲ್ಲ. ಹೊಲಿಗೆ ದೊಡ್ಡದಾಗುತ್ತಿತ್ತು, ಬಿಚ್ಚಿ ಮತ್ತೆ ಹಾಕುತ್ತಿದ್ದಳು. ನಡುವೆ ಒಮ್ಮೆ ಎದ್ದು ಮೂಲೆಯ ಗಂಟನ್ನು ತಂದು, "ಗೋಡೆ ತಣ್ಣಗಿದೆ ಅಜ್ಜಿ, ಒರಗ್ಕೊಳ್ಳಿ," ಎಂದು ನನ್ನ ಬೆನ್ನಿಗೆ ಕೊಟ್ಟು ಹೋದಳು. ಇನ್ನು ಆ ಗಂಟನ್ನು ಕೇಳಲು ಶಿವಗಾಮಿ ನನ್ನನ್ನು ಏಳಿಸಬೇಕಾಗಿತ್ತು. ಅವಳು ಹಾಗೆಲ್ಲ ಏಳಿಸುವವಳಲ್ಲ.

ಕೊನೆಯ ತುರುಬು ಸುತ್ತಿ, ಎಳೆಯನ್ನು ಹಲ್ಲಿನಿಂದ ಕಡಿದಳು. "ನೋಡು. ನೀ ಸ್ವಲ್ಪ ದಪ್ಪಗಾಗ್ಬಿಟ್ಟೆ ಚಿಕ್ಕಮ್ಮ."

ಶಿವಗಾಮಿ ಬಗ್ಗಿ ನೋಡಿದಳು. ಎಡಗಡೆಯವಳು ನಿಜವಾಗಿಯೂ ದಪ್ಪಗಿದ್ದಳು, ಒಂದು ಕಾಲು ಸೊಟ್ಟ. ಶಿವಗಾಮಿ ಆ ಗೊಂಬೆಯ ಮೇಲೆ ಹೆಬ್ಬೆರಳಿಟ್ಟು ಸವರಿದಳು, ಮತ್ತೆ ಸವರಿದಳು. "ಅಂದ ಕೆಡಿಸ್ದೆಯಲ್ಲೇ, ಬನಿಯನ್ ಕಂಪನಿ," ಎಂದಳು.

ಮಯಿಲ್‌ಸಾಮಿ ಕತ್ತಿ ತಂದು ಅವಳ ಕೈಗೇ ಕೊಟ್ಟ. ಅದನ್ನು ಹಿಡಿದು ಶಿವಗಾಮಿ ಎಳೆಗಳ ಮೇಲೆ ಬಗ್ಗಿದಳು. ಕತ್ತರಿಸಲಿಲ್ಲ. ಕತ್ತಿ ಕೆಳಗಿಟ್ಟಳು. ವಿಜಯಕುಮಾರಿಯ ಆಚೆಗೆ, ಹಲಗೆಯ ತುದಿಯತ್ತ ತಿರುಗಿದಳು.

"ಅಕ್ಕಾ," ಅಂದಳು. "ಕತ್ತರಿಸ್ತೀನಿ. ಏಳು. ಕಾಲು ಜೋಮು ಹಿಡಿದಿರ್ತದೆ, ನಿಧಾನಕ್ಕೆ ಏಳು."

ಅಷ್ಟು ಹೊತ್ತು ಕೂತಿದ್ದ ಹೆಂಗಸು ಗುಳಿಯಿಂದ ಕಾಲು ಮೇಲೆ ತೆಗೆದು, ಮಂಡಿಗೆ ಕೈ ಊರಿ ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಕಾದಳು. ಹಲಗೆಯ ಎಡ ತುದಿ ಅರೆ ಬೆರಳಿನಷ್ಟು ಮೇಲೆದ್ದ ಹಾಗೆ ನನಗೆ ಕಂಡಿತು. ಬಾಗಿಲಲ್ಲಿದ್ದ ಮಯಿಲ್‌ಸಾಮಿ ಪಕ್ಕಕ್ಕೆ ಸರಿದ. ನಾನು ಚಾಚಿಕೊಂಡಿದ್ದ ಕಾಲು ಮಡಚಿಕೊಂಡೆ, ಹೋಗುವವರಿಗೆ ದಾರಿಯಾಗಲಿ ಎಂದು.

ಆಮೇಲೆ ಶಿವಗಾಮಿ ಕತ್ತರಿಸಿದಳು.